ಅಳತೆಯ ಗೆರೆ ಉಜ್ಜಿ ತೆಗೆದವಳು

ತಪ್ಪು ದೊಡ್ಡಮ್ಮನದೇ. ನದಿಯ ಏರಿಳಿತ ತಿಳಿಯಲು ಹವಾಮಾನ ತಂಡದವರು ಬಟ್ಟೆ ಒಗೆಯುವ ಮೆಟ್ಟಿಲ ಪಕ್ಕದ ಕಲ್ಲಿಗೆ ನೀಲಿ ಬಣ್ಣದಲ್ಲಿ ಅಳತೆಯ ಗೆರೆ ಎಳೆದಿದ್ದರು. ಆ ಬಣ್ಣ ಅವಳು ಒಗೆಯಲು ತಂದಿದ್ದ ಆಸ್ಪತ್ರೆಯ ಬಿಳಿ ಬೆಡ್‌ಶೀಟಿಗೆ ಹತ್ತಿತು. ನಲವತ್ತು ವರ್ಷ ಕಲೆ ತೆಗೆದೇ ಬದುಕಿದವಳು ಸುಮ್ಮನಿರುತ್ತಾಳೆಯೇ? ಸೋಪು, ಬ್ರಷ್ಷು ಹಿಡಿದು ಒಂದು ಗೆರೆಯೂ ಉಳಿಯದಂತೆ ಉಜ್ಜಿದಳು.

ತಂಡದ ಹುಡುಗಿ ಬಂದವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಅಳತೆನೇ ಅಳಿಸಿಬಿಟ್ರಲ್ಲಮ್ಮ."

"ನಿನ್ನ ಅಳತೆ ಹೋಯ್ತು, ನಂದು ಇದೆ. ನೀರು ಮೂರನೇ ಮೆಟ್ಟಿಲು ಮುಳುಗಿಸಿದ್ರೆ ಅರ್ಧ ಗಂಟೆಯೊಳಗೆ ನಮ್ಮ ಬೀದಿ ಚರಂಡಿ ಉಕ್ಕುತ್ತೆ. ಬರ್ಕೋ."

ಹುಡುಗಿ ಬರೆದುಕೊಂಡಳು. ಅವಳ ಕಚೇರಿ ಒಪ್ಪಲಿಲ್ಲ. ನಕ್ಷೆಯ ಪ್ರಕಾರ ನಮ್ಮ ಬೀದಿ ಪ್ರವಾಹದ ಗೆರೆಯ ಹೊರಗಿತ್ತು. ನದಿನೀರು ಚರಂಡಿಗೆ ಹಿಂದಿರುಗಿ ನುಗ್ಗದಂತೆ ಕಬ್ಬಿಣದ ಬಾಗಿಲು ಕೂರಿಸುವುದು ಗೆರೆಯ ಒಳಗಿನವರಿಗೆ ಮಾತ್ರ. ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ನೀರು ಈಗ ವರ್ಷಕ್ಕೆರಡು ಸಲ ನಮ್ಮ ಮಂಚದ ಕೆಳಗಿರುತ್ತದೆ ಎಂದರೆ ಯಾರು ಕೇಳಬೇಕು? ದೊಡ್ಡಮ್ಮ ಕಚೇರಿಗೇ ಹೋದಳು.

"ದಾಖಲೆ ಏನಾದ್ರೂ ಇದೆಯಾ?" ಎಂದರು ಅಧಿಕಾರಿ.

"ನಮ್ಮನೆ ಗೋಡೆ ಮೇಲೆ ನೀರಿನ ಕಲೆ ಇದೆ. ಬಂದು ನೋಡಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಜೊತೆಗೆ ಹೋಗಿದ್ದ ನನಗೆ ಮೈಯೆಲ್ಲ ಉರಿಯಿತು. ಹುಡುಗಿ ಮಾತ್ರ ನಗಲಿಲ್ಲ.

ಮುಂದಿನ ಜಡಿಮಳೆಗೆ ಅವಳು ಅಧಿಕಾರಿಯನ್ನೇ ಕರೆತಂದಳು. ಮೂರನೇ ಮೆಟ್ಟಿಲು ಮುಳುಗಿದ್ದನ್ನು ಕಣ್ಣಾರೆ ತೋರಿಸಿ, ದೊಡ್ಡಮ್ಮ ಅವರನ್ನು ನಮ್ಮ ಮನೆಯಲ್ಲಿ ಕೂರಿಸಿದಳು. "ಗಡಿಯಾರ ನೋಡ್ತಾ ಇರಿ ಸ್ವಾಮಿ. ಬೂಟು ಬಿಚ್ಚಿಟ್ರೆ ಒಳ್ಳೇದು."

ಅವರು ಬಿಚ್ಚಲಿಲ್ಲ. ಇಪ್ಪತ್ತಾರನೇ ನಿಮಿಷಕ್ಕೆ ಬಚ್ಚಲ ಕಿಂಡಿಯಿಂದ ಕಪ್ಪು ನೀರು ಗುಳುಗುಳು ಎದ್ದು, ನಡುಮನೆ ದಾಟಿ ಬೂಟಿನೊಳಗೆ ಇಳಿಯಿತು. ಮನೆ ಹೊಲಸಾಗುತ್ತಿದ್ದರೂ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಮ್ಮ ಬೀದಿ ಗೆರೆಯೊಳಗೆ ಬಂತು, ಚರಂಡಿಗೆ ಬಾಗಿಲೂ ಬಂತು. ಹುಡುಗಿ ವರದಿ ಓದಿ ಹೇಳಲು ಬಂದಳು. "ಸ್ಥಳೀಯರ ಹೇಳಿಕೆಯಂತೆ..."

ದೊಡ್ಡಮ್ಮ ತಡೆದಳು. "ಸ್ಥಳೀಯರು ಅಂದ್ರೆ ಯಾರು? ಅವರೆಲ್ಲ ನಗೋವಾಗ ಎದುರಿಗೆ ನಿಂತಿದ್ದು ನಾನು. ನನ್ನ ಹೆಸರು ಹಾಕು."

"ವರದೀಲಿ ಹಾಗೆಲ್ಲ ಹಾಕೋ ಪದ್ಧತಿ ಇಲ್ಲಮ್ಮ."

"ನಿನ್ನ ಹೆಸರು ಹಾಕ್ಕೊಂಡಿದ್ದೀಯಲ್ಲ? ನಾಳೆ ಲೆಕ್ಕ ತಪ್ಪಾದ್ರೆ ಬೈಯೋಕೆ ಒಬ್ರು ಬೇಕು. ನನ್ನನ್ನೇ ಬೈಲಿ."

ಹುಡುಗಿ ಪೆನ್ನು ತೆಗೆದಳು. ಅಚ್ಚಾದ ವರದಿಯಲ್ಲಿ ಈಗ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿವೆ. ಒಬ್ಬರದರ ಮುಂದೆ ಸಂಶೋಧಕಿ ಎಂದಿದೆ, ಇನ್ನೊಬ್ಬರದರ ಮುಂದೆ ಬಟ್ಟೆ ಒಗೆಯುವವರು ಎಂದಿದೆ.