ಪ್ರತಿವಾದಿ ಒಳಗೆ ಬರಕೂಡದು

ಕ್ಯಾತನಹಳ್ಳಿಯಲ್ಲಿ ಕಬ್ಬು ಕಡಿಯುವ ಮಚ್ಚು ತಟ್ಟಿಸಬೇಕೆಂದರೆ ಇವತ್ತಿಗೂ ಕಾಳಪ್ಪನೇ ಆಗಬೇಕು. ಅವನ ಕುಲುಮೆ ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿದೆ. ಅಪ್ಪ ಕಟ್ಟಿಸಿದ ಮನೆಯಿಂದ ಅವನನ್ನು ಆಚೆ ಹಾಕಿದವನು ಒಡಹುಟ್ಟಿದ ಅಣ್ಣ ಹೊನ್ನಪ್ಪ. ಆ ಮನೆಯ ಎದುರುಮನೆಯವನು ನಾನು, ಎಲ್ಲಾ ಕಣ್ಣಾರೆ ಕಂಡಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಕಾಳಪ್ಪ ಪಾಲು ಕೇಳಿದ. ಮನೆ ತನಗೊಬ್ಬನಿಗೇ ಎಂದು ಅಪ್ಪ ವಿಲ್ ಬರೆದಿದ್ದಾನೆ ಅಂತ ಹೊನ್ನಪ್ಪ ಪಾಂಡವಪುರದ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದುಬಿಟ್ಟ. ಕೇಸು ಮುಗಿಯುವ ತನಕ ಪ್ರತಿವಾದಿ ಕಾಳಪ್ಪ ಮನೆಗಾಗಲಿ ಅಂಗಳಕ್ಕಾಗಲಿ ಕಾಲಿಡಕೂಡದು. ಅವ್ವ ನಿಂಗಮ್ಮ ಮಾತ್ರ ಒಳಗೇ ಉಳಿದಳು. ವಿಲ್ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಹೊನ್ನಪ್ಪ ಆಮೇಲೆ ಮಾಡಿದ್ದನ್ನು ನಾನಂತೂ ಮರೆಯುವವನಲ್ಲ.

ನಿಂಗಮ್ಮ ಹಾಸಿಗೆ ಹಿಡಿದಳು. ಕಾಳಪ್ಪ ತಡೆಯಲಾರದೆ ಒಂದು ಬೆಳಿಗ್ಗೆ ಎಳನೀರು ಹಿಡಿದುಕೊಂಡು ಒಳಗೆ ಹೋದ. ಹೊನ್ನಪ್ಪ ಪೊಲೀಸರನ್ನು ಕರೆಸಿದ. ಅವ್ವನ ಕಣ್ಣೆದುರೇ ಜೀಪು ಹತ್ತಿಸಿದರು. ಸಂಜೆವರೆಗೂ ಠಾಣೆಯ ಬೆಂಚಿನ ಮೇಲೆ ಕೂತು ಬಂದ ಕಾಳಪ್ಪ ಹೆಂಡತಿಗೆ, "ಕೋರ್ಟು ಬ್ಯಾಡ ಅಂದದೆ ತಾನೆ? ಇನ್ನು ಸತ್ರೂ ಒಳಿಕ್ಕೆ ಕಾಲಿಡಕಿಲ್ಲ. ಅವನೇ ಬಂದು ಕಾಲ್ ಹಿಡ್ಯಂಗ್ ಮಾಡ್ತೀನಿ," ಅಂದನಂತೆ. ಆಮೇಲೆ ಆ ಸೇಡನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕಬ್ಬಿಣ ಬಡಿದ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಿಂಗಮ್ಮ ಹೋಗಿಬಿಟ್ಟಳು. ತಾಯಿಯ ಹೆಣಕ್ಕೆ ನೀರು ಹುಯ್ಯುವುದು, ಕೊಳ್ಳಿ ಇಡುವುದು ನಮ್ಮಲ್ಲಿ ಕಿರಿಮಗನ ಕೆಲಸ. ಹೊನ್ನಪ್ಪ ಹೇಳಿಕಳಿಸಿದ. ಕಾಳಪ್ಪ ಬಂದ, ಅಂಗಳದ ಗೇಟಿನಾಚೆ ರಸ್ತೆಯಲ್ಲೇ ನಿಂತ.

"ಒಳಿಕ್ಕೆ ಬಾರ್ಲಾ," ಅಂದ ಹೊನ್ನಪ್ಪ.

"ಸ್ಟೇ ಐತಲ್ಲಣ್ಣ. ಎಂಗ್ ಬರ್ಲಿ?"

"ನಾನೇ ಕರೀತಾವ್ನಿ ಕಣ್ಲಾ."

"ನೀನ್ ಕರುದ್ರೆ ಆಯ್ತದಾ? ಜಡ್ಜು ಕರೀಬೇಕು. ಇವತ್ತು ಭಾನ್ವಾರ."

ಊರ ಹಿರಿಯ ಕುಳ್ಳಯ್ಯ, "ಎಣ ಮಡಿಕ್ಕಂಡು ಇದೇನ್ಲಾ? ಬುಡು ಅತ್ಲಾಗೆ," ಎಂದ. ಕಾಳಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಹೊನ್ನಪ್ಪ ಗೇಟು ದಾಟಿ ಬಂದು, ಊರೆಲ್ಲ ನೋಡುತ್ತಿದ್ದಂತೆ ತಮ್ಮನ ಕಾಲು ಹಿಡಿದ.

"ಅವ್ವನ್ನ ಇಲ್ಲಿಗೇ ತತ್ತಾ," ಅಂದ ಕಾಳಪ್ಪ.

ಹೊನ್ನಪ್ಪ ಅಳುತ್ತಾ ಅವ್ವನನ್ನು ಎತ್ತಿಕೊಂಡು ಬಂದ. ರಸ್ತೆ ಬದಿಯಲ್ಲಿ ಹಲಗೆ ಹಾಕಿ ಮಲಗಿಸಿದರು, ಹೆಂಗಸರು ಸುತ್ತ ಸೀರೆ ಹಿಡಿದರು. ಹೊನ್ನಪ್ಪ ಬಿಂದಿಗೆ ಹೊತ್ತು ತಂದ, ಕಾಳಪ್ಪ ನೀರು ಹುಯ್ದ. ಬಸ್ಸೊಂದು ನಿಂತು, ಜನ ಕಿಟಕಿಯಿಂದ ಕತ್ತು ಚಾಚಿ ನೋಡಿದರು. ಹೊನ್ನಪ್ಪನ ಮಾನ ಬೀದಿಯಲ್ಲಿ ಹರಾಜಾಯಿತಲ್ಲ ಎಂದು ನನಗೆ ಹೊಟ್ಟೆ ತಣ್ಣಗಾಯಿತು. ನಿಂಗಮ್ಮನದೂ ಆಯಿತಲ್ಲ ಎಂದು ಹೊಳೆದದ್ದು ಮನೆಗೆ ಹೋಗಿ ಊಟಕ್ಕೆ ಕೂತಾಗ.

ತಿಥಿ ಕಳೆದ ಮೇಲೆ ಹೊನ್ನಪ್ಪ ಕೇಸು ವಾಪಸ್ ತಗೊಂಡ. ಶೆಡ್ಡಿಗೆ ಬಂದು ಬೀಗದಕೈ ಮುಂದಿಟ್ಟ. "ಅರ್ಧ ನಿಂದೇ ಕಣ್ಲಾ. ಇನ್ಯಾರೂ ತಡೆಯಕಿಲ್ಲ, ಬಾ," ಅಂದ.

ಕಾಳಪ್ಪ ಸುತ್ತಿಗೆ ಕೆಳಗಿಡಲಿಲ್ಲ.

"ಯಾರ್ನ ನೋಡಾಕೆ ಬರ್ಲಿ, ಅಣ್ಣ?" ಅಂದ.