ಹಿಮದೊಳಗಿನ ಕಬ್ಬಿಣ, ದೊಡ್ಡಪ್ಪನ ಕುಲುಮೆ

"ಕಬ್ಬಿಣ ಓದಿ ಡಿಗ್ರಿ ತಗೋತಾಳಂತ! ಅದನ್ನ ಬಡೀಬೇಕ್ರೀ, ಓದೋದೇನು?" ಎಂದು ಮಸ್ಕಿಯ ಕುಲುಮೆಯಲ್ಲಿ ಗಿರಾಕಿಗಳ ಮುಂದೆ ನಕ್ಕವರು ನನ್ನ ದೊಡ್ಡಪ್ಪ. ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಡಿಗ್ರಿ ಮುಗಿಸಿರಲಿಲ್ಲ. ನಗಲು ಮಾತ್ರ ಎಲ್ಲರೂ ಪಂಡಿತರು. ಸಿಂಧನೂರಿನ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಓಡಾಡಿ ಲೋಹಶಾಸ್ತ್ರ ಓದಿದೆ.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ ದಕ್ಷಿಣ ಧ್ರುವದ ಹಿಮದಲ್ಲಿ ಸಿಕ್ಕ ಕಬ್ಬಿಣದ ಉಲ್ಕೆಯ ಚಿತ್ರ ತೋರಿಸಿದರು. ಅದರೊಳಗೆ ಹೆಣೆದಂತಿರುವ ಪಟ್ಟಿಗಳ ಅಗಲ ಅಳೆದು ಉಲ್ಕೆಯ ವರ್ಗ ಹೇಳುತ್ತಾರೆ, ಕಬ್ಬಿಣದಲ್ಲಿ ಬೆರೆತ ನಿಕಲ್ ಲೋಹ ಹೆಚ್ಚಿದಂತೆ ಪಟ್ಟಿ ಸಣ್ಣದಾಗುತ್ತದೆ ಎಂದೆ.

"ಕುಲುಮೆಗೆ ಹಾಕಿದರೆ?" ಎಂದರು ಪರೀಕ್ಷಕರು.

ಅದು ನನ್ನ ಪುಸ್ತಕದಲ್ಲಿರಲಿಲ್ಲ. ಆದರೆ ಕುಡುಗೋಲು ಮತ್ತೆ ಕೆಂಪಗೆ ಕಾದರೆ ಹಳೆಯ ಹದ ಕೆಡುವುದನ್ನು ಕಂಡವಳು ನಾನು. "ಪಟ್ಟಿ ಅಳಿಸಿಹೋಗ್ತಾವ್ರೀ ಸರ್" ಎಂದೆ. ಪಾಸಾದೆ.

ಪ್ರಮಾಣಪತ್ರವನ್ನು ದೊಡ್ಡಪ್ಪನ ಕೈಗಿಟ್ಟು ಇದನ್ನೆಲ್ಲ ಹೇಳಿದೆ.

"ಇಷ್ಟಕ್ಕ ಡಿಗ್ರಿ ಕೊಟ್ರಾ? ಹಂಗಾದ್ರ ನನಗ ಹತ್ತು ಬರಬೇಕಿತ್ತಲ್ಲಬೇ!"