ಬೆನ್ನಳತೆಯ ಜೀನು

ಸಿಂದಗಿಯಲ್ಲಿ ಕುದುರೆ ಜೀನು ಹೊಲಿಯುವ ಹಿರಿಯರೊಬ್ಬರಿದ್ದರು. ಅವರು ಬಂದವರ ಮುಖ ನೋಡುತ್ತಿರಲಿಲ್ಲ. ಮೊದಲು ಕಣ್ಣು ಮುಚ್ಚಿ ಕುದುರೆಯ ಬೆನ್ನ ಮೇಲೆ ಅಂಗೈ ಆಡಿಸುತ್ತಿದ್ದರು. ಏನೇ ಕೇಳಿದರೂ ಒಂದೇ ಮಾತು: "ನನ್ನ ಯಾಕ ಕೇಳ್ತೀರಿ? ಬೆನ್ನ ಕೇಳ್ರಿ."

ನನ್ನ ಕಪ್ಪು ಹೆಣ್ಣುಗುದುರೆಯದು ಕಿರಿದಾದ ಬೆನ್ನು. ಅದಕ್ಕೆ ನಾನು ಪುಣೆಯಿಂದ, ಮುಂದೆ ಕೊಂಬಿನಂಥ ಹಿಡಿಯಿರುವ ವೆಸ್ಟರ್ನ್ ಜೀನು ತರಿಸಿದ್ದೆ. ಊರೆಲ್ಲ ಹೊಗಳಿತ್ತು. ಅವರಿಗೂ ತೋರಿಸೋಣವೆಂದು ಹೋದೆ. ಅವರು ನನ್ನನ್ನು ಹತ್ತಿಸಿ, ಕುದುರೆಯ ಹೆಗಲ ದಿಬ್ಬಕ್ಕೂ ಜೀನಿಗೂ ನಡುವೆ ಬೆರಳು ತೂರಿಸಲು ನೋಡಿದರು. ಅಗಲವಾದ ಜೀನು ಕುಸಿದು ದಿಬ್ಬಕ್ಕೆ ಒತ್ತಿಕೊಂಡಿತ್ತು; ಒಂದು ಬೆರಳೂ ಹೋಗಲಿಲ್ಲ.

"ಕೆಳಗ ಇನ್ನೊಂದು ಕಂಬಳಿ ಹಾಕಿದ್ರ ಆತಲ್ರೀ?" ಎಂದೆ.

"ಅಂಗಿ ದೊಡ್ಡದಾದ್ರ ಒಳಗ ಹತ್ತಿ ತುರುಕತೀರೇನು? ಓಡಿಸ್ಕೊಂಡ ಬರ್ರಿ."

ಓಡಿಸಿ ಬಂದು ಜೀನು ಇಳಿಸಿದಾಗ ಕುದುರೆಯ ಮೈಯೆಲ್ಲ ಬೆವತಿತ್ತು. ದಿಬ್ಬದ ಮೇಲೆ ಮಾತ್ರ ಅಂಗೈಯಗಲ ಒಣಗಿತ್ತು.

"ಒತ್ತಿದಲ್ಲಿ ಬೆವರು ಬರೂದಿಲ್ಲ. ನಾಳೆ ಅಲ್ಲೇ ಹುಣ್ಣಾಗತೈತಿ. ಮಾಯ್ದ ಮ್ಯಾಲೆ ಬಿಳಿ ಕೂದಲಾ ಬರ್ತಾವ. ಅದು ಕುದುರಿ ಮೈಮ್ಯಾಲೆ ನಿಮ್ಮ ಸಹಿ."

ಜೀನನ್ನು ಅವರ ಮುಂದಿಟ್ಟೆ. ಅವರು ಬೆನ್ನಿಗೆ ಬಟ್ಟೆ ಹಾಸಿ, ರೊಟ್ಟಿ ಬಡಿದಂತೆ ಹಸಿ ಎರೆಮಣ್ಣು ಬಡಿದು ಅಚ್ಚು ತೆಗೆದರು. ಜೀನಿನ ತೊಗಲು ಬಿಚ್ಚಿ, ಒಳಗಿನ ಮರದ ಚೌಕಟ್ಟನ್ನು ಆ ಅಚ್ಚಿನಂತೆ ಹೊಸದಾಗಿ ಕೆತ್ತಿ, ಅದೇ ತೊಗಲು ಹೊದಿಸಿದರು. ಮತ್ತೆ ಹತ್ತಿದಾಗ ಮೂರು ಬೆರಳು ಸಲೀಸಾಗಿ ಹೋದವು. ಅಂದೇ ಅವರು ನನ್ನ ಮುಖ ನೋಡಿ ನಕ್ಕದ್ದು.

ಆರು ವರ್ಷಗಳಾದವು. ಇಂಡಿ, ಮುದ್ದೇಬಿಹಾಳದ ಕಡೆ ಯಾರಾದರೂ, "ಜೀನ ಹೆಂಗ ಐತ್ರೀ?" ಎಂದರೆ ಅದನ್ನು ಬಿಚ್ಚಿ ಕೆಳಗಿಡುತ್ತೇನೆ.

"ನನ್ನ ಯಾಕ ಕೇಳ್ತೀರಿ? ಬೆನ್ನ ಕೇಳ್ರಿ."

ಕೇಳಿದವರು ಬಗ್ಗಿ ಕಲೆ ಹುಡುಕುತ್ತಾರೆ. ಆ ಕಪ್ಪು ಬೆನ್ನಿನಲ್ಲಿ ಒಂದೂ ಬಿಳಿ ಕೂದಲಿಲ್ಲ.